ಸಾಹೇಬರು ಏನಂದರು?

ಹೊಸಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮೊದಲ ಹುಡುಗಿ ನಾನು. ಇಂಗ್ಲಿಷಿನಲ್ಲಿ ತರಗತಿಗೇ ಮೊದಲು. ಈ ಎರಡು ಸಂಗತಿಗಳನ್ನು ಅಪ್ಪ ರಾಗಿ ಹೊಲದ ಬದುವಿನ ಮೇಲೆ ನಿಂತು ಮಾಗಡಿ ರಸ್ತೆಯಲ್ಲಿ ಹೋಗಿಬರುವವರಿಗೆಲ್ಲ ಹೇಳಿದ್ದರು. ಕೇಳಿ ಕೇಳಿ ನನಗೂ ಜಂಬ ಹತ್ತಿತ್ತು. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬರುತ್ತಲೇ ಇರಲಿಲ್ಲ. ಯಾರಾದರೂ ನನ್ನ ಇಂಗ್ಲಿಷಿನ ಬಗ್ಗೆ ಅನುಮಾನಪಟ್ಟರೆ ಕೋಪ ಮೂಗಿನ ತುದಿಗೇ ಬಂದುಬಿಡುತ್ತಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಈ ಜಂಬವೇ ಕಾರಣ.

ಐವತ್ತರ ದಶಕದ ನಡುವೆ ರಾಜಾಜಿನಗರದಲ್ಲಿ ಮನೆಗಳಿಗಿಂತ ನಿವೇಶನದ ಕಲ್ಲುಗಳೇ ಹೆಚ್ಚಿದ್ದವು. ಅವುಗಳ ಆಚೆ ಸಾಲಾಗಿ ಶೀಟು ಹೊದಿಸಿದ ಕಾರ್ಖಾನೆಗಳು ಏಳುತ್ತಿದ್ದವು. ಅಂಥದೊಂದು ಕಾರ್ಖಾನೆಗೆ ಅಮೆರಿಕದಿಂದ, ಲೋಹವನ್ನು ಸಾಣೆಕಲ್ಲಿನಲ್ಲಿ ಉಜ್ಜಿ ನಯಮಾಡುವ ಹೊಸ ಗ್ರೈಂಡಿಂಗ್ ಮೆಷಿನ್ ಬರುವುದಿತ್ತು. ಅದನ್ನು ಕೂರಿಸಿ, ಓಡಿಸಿ, ನಮ್ಮವರಿಗೆ ಕಲಿಸಿಕೊಡಲು ಅಲ್ಲಿಂದಲೇ ಒಬ್ಬ ಎಂಜಿನಿಯರೂ ಬರುವವರಿದ್ದರು. ಅವರ ದಿನದ ವರದಿಯನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಟೈಪ್ ಮಾಡಲು, ಜೊತೆಗೆ ಅವರು ಹೇಳಿದ್ದನ್ನು ಕೆಲಸಗಾರರಿಗೆ ಕನ್ನಡದಲ್ಲಿ ಹೇಳಲು ಒಬ್ಬರು ಬೇಕಾಗಿತ್ತು. ನಾನು ಟೈಪಿಂಗ್, ಶಾರ್ಟ್‌ಹ್ಯಾಂಡಿನ ಲೋಯರ್, ಹೈಯರ್ ಪರೀಕ್ಷೆ ಎರಡೂ ಮುಗಿಸಿದ್ದೆ. ಮ್ಯಾನೇಜರು ನನ್ನಿಂದ ಒಂದು ಪುಟ ಓದಿಸಿ, ಒಂದು ಪುಟ ಟೈಪ್ ಮಾಡಿಸಿ, "ಆರು ತಿಂಗಳು ಟೆಂಪೊರರಿ. ಕೆಲಸ ಚೆನ್ನಾಗಿದ್ರೆ ಕಾಯಂ ಮಾಡ್ತೀವಿ," ಎಂದರು. ಆ ಇಡೀ ಕಾರ್ಖಾನೆಯಲ್ಲಿ ಸೀರೆ ಉಟ್ಟು ಬರುತ್ತಿದ್ದವಳು ನಾನೊಬ್ಬಳೇ. ಕಾಯಂ ಆಗಿಯೇ ತೀರುತ್ತೇನೆ ಎಂದು ಆವತ್ತು ಮನೆಗೆ ನಡೆದುಕೊಂಡು ಬರುವಾಗ ಗಟ್ಟಿಯಾಗಿ ಹೇಳಿಕೊಂಡೆ. ದಾರಿಯಲ್ಲಿ ಕೇಳುವವರು ಯಾರೂ ಇರಲಿಲ್ಲ, ಹಾಗಾಗಿ ಎರಡು ಸಲ ಹೇಳಿದೆ.

ಅಮೆರಿಕದ ಸಾಹೇಬರು ಬಂದರು. ಎತ್ತರದ ಆಳು, ಕೈ ಮಡಚಿದ ಅಂಗಿ, ಬಿಸಿಲಿಗೆ ಕೆಂಪಗಾದ ಕತ್ತು. ಬಂದ ಮೊದಲ ದಿನವೇ ನನಗೆ ಗೊತ್ತಾಯಿತು, ನಾನು ಓದಿದ ಇಂಗ್ಲಿಷಿಗೂ ಇವರು ಆಡುವ ಇಂಗ್ಲಿಷಿಗೂ ಸಂಬಂಧವಿಲ್ಲ ಎಂದು. ನಾನು ಕಲಿತದ್ದು 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎನ್ನುವಂಥ ಇಂಗ್ಲಿಷು. ಅವರದು ಚಡ್ಡಿ ಹಾಕಿಕೊಂಡು ಓಡಾಡುವ ಇಂಗ್ಲಿಷು. ಮೆಷಿನ್ನಿಗೆ ಹಾಕಿದ್ದ ಕಾಂಕ್ರೀಟಿನ ಪಾಯವನ್ನು ಕಾಲಿನಿಂದ ಒದ್ದು ನೋಡಿ "ಸ್ವೆಲ್!" ಎಂದರು. ಪಾಯ ಹಾಕಿದ್ದ ಗಾರೆಯವನು ನನ್ನ ಮುಖ ನೋಡಿದ. ಆ ಪದಕ್ಕೆ ನನಗೆ ಗೊತ್ತಿದ್ದದ್ದು ಊದಿಕೊಳ್ಳುವುದು ಎಂಬ ಅರ್ಥ ಮಾತ್ರ. ಪಾಯ ಊದಿಕೊಂಡಿದೆ ಅಂದರೆ ಆ ಗಾರೆಯವನು ಅಲ್ಲೇ ಕುಸಿದು ಕೂರುತ್ತಿದ್ದ. ಸಾಹೇಬರ ಮುಖ ಮಾತ್ರ ಅರಳಿತ್ತು. "ತುಂಬಾ ಚೆನ್ನಾಗಿದೆ ಅಂತಾರೆ," ಎಂದೆ. ಗಾರೆಯವನು ಕೈಮುಗಿದ. ಸಾಹೇಬರು ಅವನ ಬೆನ್ನು ತಟ್ಟಿದರು. ನನ್ನ ಊಹೆ ಸರಿಯಾಗಿತ್ತು.

ಅಲ್ಲಿಂದ ಅದೇ ನನ್ನ ಪದ್ಧತಿಯಾಯಿತು. ಮಾತು ಅರ್ಥವಾಗದಿದ್ದರೆ ಮುಖ ನೋಡುವುದು, ಕೈ ನೋಡುವುದು, ಹೇಳಿಬಿಡುವುದು. ಕ್ರೇನಿನ ಸರಪಳಿಯಲ್ಲಿ ಪೆಟ್ಟಿಗೆ ಎತ್ತುತ್ತಿದ್ದವರಿಗೆ ಸಾಹೇಬರು ಒಂದು ದಿನ, ನಿಮ್ಮ ಕುದುರೆಗಳನ್ನು ಹಿಡಿದುಕೊಳ್ಳಿ ಎಂದು ಕೂಗಿದರು. ಕುದುರೆ ಎಲ್ಲಿ ಬಂತು? ಆದರೆ ಅವರ ಕೈ ಪೊಲೀಸಿನವನ ಕೈಯಂತೆ ಮೇಲೆದ್ದಿತ್ತು. "ಸ್ವಲ್ಪ ತಡೀರಿ!" ಎಂದು ಕೂಗಿದೆ. ತಡೆದರು. 'ಯು ಬೆಟ್' ಎಂದಾಗ ತಲೆ ಮೇಲೆ ಕೆಳಗೆ ಆಡಿಸುತ್ತಿದ್ದರು. ಹಾಗಾದರೆ ಖಂಡಿತ ಎಂದರ್ಥ. 'ನೋ ಡೈಸ್' ಎಂದಾಗ ತುಟಿ ಒಂದು ಕಡೆ ಎಳೆದುಕೊಳ್ಳುತ್ತಿತ್ತು. ಹಾಗಾದರೆ ಆಗುವುದಿಲ್ಲ ಎಂದರ್ಥ. ರಾತ್ರಿ ಊಟವಾದ ಮೇಲೆ ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಅವ್ವ, "ಇಷ್ಟು ಓದಿದ್ದು ಸಾಲ್ದೇನೇ, ಇನ್ನೂ ಏನೇ ಬರಿಯೋದು?" ಎನ್ನುತ್ತಿದ್ದಳು.

ಸಾಹೇಬರನ್ನೇ ಕೇಳಬಹುದಿತ್ತಲ್ಲ ಎಂದು ಈಗ ಯಾರಿಗಾದರೂ ಅನ್ನಿಸಬಹುದು. ಆ ಕಾರ್ಖಾನೆಯಲ್ಲಿ ದೊಡ್ಡವರು ಏನು ಹೇಳಿದರೂ ಉತ್ತರ ಒಂದೇ, 'ಆಯ್ತು ಸಾರ್.' ಅರ್ಥವಾದರೂ ಆಯ್ತು ಸಾರ್, ಆಗದಿದ್ದರೂ ಆಯ್ತು ಸಾರ್. ಆಮೇಲೆ ಮೂಲೆಯಲ್ಲಿ ನಾಲ್ಕು ಜನ ಸೇರಿ ಅವರು ಹೇಳಿದ್ದು ಏನಿರಬಹುದು ಎಂದು ಚರ್ಚೆ ಮಾಡುವುದು. ಎದುರಿಗೆ ನಿಂತು ಅರ್ಥವಾಗಲಿಲ್ಲ ಎನ್ನುವುದು ಹೇಳಿದವರಿಗೂ ಮರ್ಯಾದೆಯಲ್ಲ, ಕೇಳಿದವರಿಗೂ ಅಲ್ಲ. ಅದರ ಮೇಲೆ ನನ್ನನ್ನು ತೆಗೆದುಕೊಂಡಿದ್ದೇ ಇಂಗ್ಲಿಷ್ ಬರುತ್ತದೆ ಎಂದು. ಸಾಯಲಿ, ನಾನು ಕೇಳಲಿಲ್ಲ.

ಮೆಷಿನ್ ಕೂರಿಸುವ ಕೆಲಸಕ್ಕೆ ಒಬ್ಬ ಹಿರಿಯ ಫಿಟ್ಟರಿದ್ದರು. ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಖಾಕಿ ನಿಕ್ಕರು, ಹಣೆಯಲ್ಲಿ ವಿಭೂತಿ, ಕಿವಿಯ ಸಂದಿಯಲ್ಲಿ ಸದಾ ಒಂದು ಚಾಕ್‌ಪೀಸು. ಮೂವತ್ತು ವರ್ಷ ಯಂತ್ರಗಳ ನಡುವೆಯೇ ಬದುಕಿದವರು. ಲೇತಿನ ಸದ್ದು ಕೇಳಿ ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಿದ್ದರು. ನಾನು ಸೇರಿದ ಮೊದಲ ವಾರ ಕೆಲವರು ಸೀರೆ, ಜಡೆ ಎಂದು ಹಿಂದಿನಿಂದ ಏನೇನೋ ಅಂದಾಗ ಇವರು ಸ್ಪ್ಯಾನರನ್ನು ಮೇಜಿನ ಮೇಲೆ ಕುಟ್ಟಿ, "ಕೆಲಸ ನೋಡ್ಕೊಳ್ರೋ. ಆ ಮಗು ಇಲ್ದಿದ್ರೆ ಆ ಸಾಹೇಬ್ರ ಹತ್ರ ನೀನು ಮಾತಾಡ್ತೀಯೇನೋ?" ಎಂದಿದ್ದರು. ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ನನ್ನನ್ನು ಅಮ್ಮಣ್ಣಿ ಎನ್ನುತ್ತಿದ್ದರು. ಸಾಹೇಬರು ಏನಾದರೂ ಹೇಳಿದ ಕೂಡಲೇ ನನ್ನ ಕಡೆ ತಿರುಗಿ, "ಏನಂದ್ರು ಅಮ್ಮಣ್ಣಿ?" ಎನ್ನುತ್ತಿದ್ದರು. ನಾನು ಹೇಳಿದ್ದೇ ಅವರಿಗೆ ಕಡೆಯ ಮಾತು.

ಒಂದು ಶುಕ್ರವಾರ ಸಂಜೆಯ ಹೊತ್ತಿಗೆ ಮೆಷಿನ್ ಪಾಯದ ಮೇಲೆ ಕೂತಿತು. ಬೋಲ್ಟು ಬಿಗಿದಾಯಿತು, ಮಟ್ಟ ನೋಡಿದ್ದಾಯಿತು, ಕರೆಂಟಿನ ತಂತಿಯೂ ಸೇರಿತು. ದಾರಿಯಲ್ಲಿ ತುಕ್ಕು ಹಿಡಿಯದಿರಲೆಂದು ಒಳಗೆಲ್ಲ ಮೆತ್ತಿದ್ದ ಗ್ರೀಸನ್ನು ಸಾಹೇಬರೇ ಸೀಮೆಎಣ್ಣೆಯಲ್ಲಿ ತೊಳೆದು ಮುಚ್ಚಳ ಹಾಕಿದರು. ನಮ್ಮವರು ನಿಂಬೆಹಣ್ಣು, ಕರ್ಪೂರ, ಮಲ್ಲಿಗೆಯ ಹಾರ ತಂದಿಟ್ಟುಕೊಂಡಿದ್ದರು. ಹೊಸ ಯಂತ್ರಕ್ಕೆ ಪೂಜೆ ಮಾಡಿದ ಮೇಲೆ ಒಂದು ಸುತ್ತಾದರೂ ತಿರುಗಿಸಬೇಕು. ಆರತಿ ಎತ್ತಿಸಿಕೊಂಡ ಯಂತ್ರ ಸುಮ್ಮನೆ ನಿಲ್ಲಬಾರದು. ಮೇಸ್ತ್ರಿ ನನಗೆ, "ಪೂಜೆ ಮಾಡಿ ಒಂದು ಸುತ್ತು ತಿರುಗಿಸ್ಬಹುದಾ ಅಂತ ಕೇಳಮ್ಮ," ಎಂದರು. ನನ್ನ ಚೊಕ್ಕ ಇಂಗ್ಲಿಷಿನಲ್ಲಿ ಕೇಳಿದೆ. ಸಾಹೇಬರು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಎಲ್ಲರನ್ನೂ ನೋಡಿ ಬಾಯಿತುಂಬ ನಕ್ಕರು. "ಲೆಟ್ಸ್ ಕಾಲ್ ಇಟ್ ಎ ಡೇ," ಎಂದರು. ಕೈ ಬೀಸಿದರು. ಜೀಪಿನ ಕಡೆ ಹೊರಟರು.

ಕಾಲ್ ಎಂದರೆ ಕರೆ. ಡೇ ಎಂದರೆ ದಿನ. ದಿನವನ್ನು ಯಾರು ಕರೆಯುತ್ತಾರೆ, ಯಾಕೆ ಕರೆಯುತ್ತಾರೆ? ನನಗೆ ತಲೆಬುಡ ತಿಳಿಯಲಿಲ್ಲ. ಜೀಪು ಇನ್ನೂ ಗೇಟಿನ ಒಳಗೇ ಇತ್ತು. ಹತ್ತು ಹೆಜ್ಜೆ ಓಡಿ, ಸ್ವಾಮಿ, ನೀವು ಹೇಳಿದ್ದು ಅರ್ಥವಾಗಲಿಲ್ಲ ಎಂದಿದ್ದರೆ ಸಾಕಿತ್ತು. ಇಪ್ಪತ್ತು ಜನ ನನ್ನನ್ನೇ ನೋಡುತ್ತಿದ್ದರು. "ಏನಂದ್ರು ಅಮ್ಮಣ್ಣಿ?" ಎಂದರು ಮೇಸ್ತ್ರಿ. ಸಾಹೇಬರ ನಗುವನ್ನು ನೆನೆಸಿಕೊಂಡೆ. ನಕ್ಕವರು ಬೇಡ ಅಂದಿರುತ್ತಾರೆಯೇ? "ಆಯ್ತು ಅಂದ್ರು," ಎಂದೆ. ಮೇಸ್ತ್ರಿ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ನಾನು ಕಣ್ಣು ತಪ್ಪಿಸಿ ಹಾರವನ್ನು ಸರಿಮಾಡುವವಳಂತೆ ಬಗ್ಗಿದೆ.

ಆರತಿಯಾಯಿತು. ನಿಂಬೆಹಣ್ಣು ಕುಯ್ದರು. ಮೇಸ್ತ್ರಿ ಕಣ್ಣಿಗೆ ಕೈ ಒತ್ತಿಕೊಂಡು ಸ್ವಿಚ್ಚು ಹಾಕಿದರು. ಮೆಷಿನ್ನಿನ ಸಾಣೆಕಲ್ಲು ತಿರುಗಿತು, ಎಷ್ಟು ನಯವಾಗಿ ಎಂದರೆ ಯಾರೋ ಚಪ್ಪಾಳೆ ತಟ್ಟಿದರು. ಒಂದು ಸುತ್ತು ಎಂದದ್ದು ಖುಷಿಯಲ್ಲಿ ಒಂದು ನಿಮಿಷವಾಯಿತು, ಎರಡಾಯಿತು. ಆಗ ಒಳಗಿನಿಂದ ಕಿವಿ ಸೀಳುವಂಥ ಕಿರುಚಾಟ ಬಂತು. ಮೇಸ್ತ್ರಿ ಹಾರಿ ಸ್ವಿಚ್ಚು ತೆಗೆಯುವಷ್ಟರಲ್ಲಿ ಕಲ್ಲು ತಾನಾಗಿಯೇ ಕಚ್ಚಿಕೊಂಡು ನಿಂತಿತು. ಸುಟ್ಟ ವಾಸನೆ. ಎಣ್ಣೆಯೇ ಹಾಕಿರಲಿಲ್ಲ, ಕಲ್ಲಿನ ಅಚ್ಚನ್ನು ಹೊತ್ತ ಬೇರಿಂಗು ಸುಟ್ಟಿತ್ತು. ನಮ್ಮ ಹಳೆಯ ಯಂತ್ರಗಳಿಗೆ ಮೇಲೆ ಬಟ್ಟಲಿನಲ್ಲಿ ಎಣ್ಣೆ ಕಾಣುತ್ತಿತ್ತು. ಇದರದು ಹೊಟ್ಟೆಯೊಳಗಿನ ತೊಟ್ಟಿ. ತೊಳೆದ ಸೀಮೆಎಣ್ಣೆ ಆರಲಿ, ಬೆಳಿಗ್ಗೆ ಬಂದು ಎಣ್ಣೆ ತುಂಬಿಸೋಣ ಎಂದು ಸಾಹೇಬರು ಬಿಟ್ಟುಹೋಗಿದ್ದರು. ಸಾಹೇಬರೇ ಆಯ್ತು ಅಂದ ಮೇಲೆ ಎಣ್ಣೆ ಇಲ್ಲದೆ ಇರುತ್ತದೆಯೇ ಎಂದು ಉಳಿದವರು ಅಂದುಕೊಂಡಿದ್ದರು.

ಮಾರನೆಯ ದಿನ ಶನಿವಾರ, ಅರ್ಧ ದಿನದ ಕೆಲಸ. ಮ್ಯಾನೇಜರ ಕೋಣೆಗೆ ಮೇಸ್ತ್ರಿಯನ್ನು ಕರೆಸಿದರು. ಬರೆದುಕೊಳ್ಳಲು ನಾನೂ ಇದ್ದೆ. ಇವತ್ತಿಗೆ ಇಷ್ಟು ಸಾಕು, ಕೆಲಸ ನಿಲ್ಲಿಸೋಣ ಎಂದು ತಾನು ಎಲ್ಲರ ಎದುರಿಗೂ ಹೇಳಿ ಹೋಗಿದ್ದೆ ಎಂದರು ಸಾಹೇಬರು. ಹಾಗಾದರೆ ಅದರ ಅರ್ಥ ಅದು! ಅದನ್ನೂ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡೆ. ಮ್ಯಾನೇಜರು ಮೇಸ್ತ್ರಿಯ ಕಡೆ ತಿರುಗಿದರು.

"ಸಾಹೇಬರು ಬೇಡ ಅಂದ ಮೇಲೂ ಯಾಕ್ರೀ ಹಾಕಿದ್ರಿ?"

ಈಗ ನನ್ನ ಹೆಸರು ಬರುತ್ತದೆ ಎಂದು ಹಲ್ಲು ಕಚ್ಚಿ ಕೂತೆ. ಮೇಸ್ತ್ರಿ ನನ್ನ ಕಡೆ ನೋಡಲೇ ಇಲ್ಲ. ನೆಲ ನೋಡುತ್ತ, "ತಪ್ಪಾಯ್ತು ಸಾರ್," ಎಂದರು.

"ಯಾರಾದ್ರೂ ಹಾಕಿ ಅಂದ್ರಾ?"

"ಇಲ್ಲ ಸಾರ್. ಪೂಜೆ ಅಂತ ನಾನೇ ಹಾಕ್ದೆ."

ಅವರನ್ನು ಹೊರಗೆ ಕಳಿಸಿ ಮ್ಯಾನೇಜರು ನನಗೆ ಆಪಾದನೆಯ ಮೆಮೊ ಹೇಳಿ ಬರೆಸಿದರು. ಮಧ್ಯಾಹ್ನದೊಳಗೆ ಟೈಪಾಗಿ ಸಹಿಗೆ ಬರಬೇಕು, ಸೋಮವಾರದಿಂದ ಅವರು ಕೆಲಸಕ್ಕೆ ಬರಕೂಡದು ಎಂದರು. ನಾನು ಆಯ್ತು ಸಾರ್ ಎಂದು ಎದ್ದು ಬಂದೆ. ಹೌದು, ಆಗಲೂ ಅದನ್ನೇ ಅಂದೆ. ಬರೆಯುವಾಗ ಇದನ್ನು ಬಿಟ್ಟುಬಿಡೋಣವೇ ಅನ್ನಿಸಿತು. ಬಿಡುವುದಿಲ್ಲ.

ಟೈಪ್‌ರೈಟರಿಗೆ ಹಾಳೆ ಏರಿಸಿದೆ. ಮೇಸ್ತ್ರಿಯ ಹೆಸರು, ಹಾಜರಿಯ ಟಿಕೆಟ್ ನಂಬರು ಹೊಡೆದೆ. ಮೊದಲ ಸಾಲು, 'ಪರಿಣತರು ನೀಡಿದ ಸ್ಪಷ್ಟ ಸೂಚನೆಯನ್ನು ಮೀರಿ' ಎಂದಿತ್ತು. ಆ 'ಸ್ಪಷ್ಟ' ಎಂಬ ಪದದ ಹತ್ತಿರ ನನ್ನ ಬೆರಳು ನಿಂತಿತು. ಯಾರಿಗೆ ಸ್ಪಷ್ಟ? ಸೂಚನೆ ಬಂದದ್ದು ನನಗೆ. ಅರ್ಥವಾಗದೆ ಇದ್ದದ್ದು ನನಗೆ. ಅರ್ಥವಾಯಿತೆಂದು ಸುಳ್ಳು ಹೇಳಿದ್ದೂ ನಾನೇ. ಮೂವತ್ತು ವರ್ಷ ಯಂತ್ರದ ಮೇಲೆ ಒಂದು ಗೆರೆ ಬೀಳದಂತೆ ಕೆಲಸ ಮಾಡಿದ ಮನುಷ್ಯ ನನ್ನ ಒಂದು ಮಾತು ನಂಬಿ ಮನೆಗೆ ಹೋಗಬೇಕು, ನಾನು ಕಾಯಂ ಆಗಿ ಇಲ್ಲಿ ಕುರ್ಚಿಯಲ್ಲಿ ಕೂರಬೇಕು. ನನಗೆ ನಾಚಿಕೆಯಾಯಿತು ಎಂದರೆ ಸಾಲದು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅದರ ಹಿಂದೆಯೇ ಭಯ. ಅಪ್ಪ ಬದುವಿನ ಮೇಲೆ ನಿಂತು ಇನ್ನು ಏನು ಹೇಳುತ್ತಾರೆ? ಹತ್ತು ನಿಮಿಷ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಗುಮಾಸ್ತರು, "ಯಾಕಮ್ಮ, ರಿಬ್ಬನ್ ಹೋಯ್ತಾ?" ಎಂದರು.

"ಇಲ್ಲ ಸಾರ್, ಸರಿಯಾಗಿದೆ," ಎಂದೆ. ಅರ್ಧ ಹೊಡೆದ ಹಾಳೆಯನ್ನು ಎಳೆದು ತೆಗೆದೆ. ಹೊಸ ಹಾಳೆ ಹಾಕಿದೆ. ಒಂದಲ್ಲ, ನಡುವೆ ಕಾರ್ಬನ್ ಇಟ್ಟು ಮೂರು. ನಮ್ಮಲ್ಲಿ ಯಾವ ಕಾಗದವಾದರೂ ಮೂರು ಪ್ರತಿ ಆಗಲೇಬೇಕು, ಮೇಲಿನದು ಮ್ಯಾನೇಜರಿಗೆ, ಒಂದು ಕಡತಕ್ಕೆ, ಒಂದು ಆಡಳಿತದವರಿಗೆ. ಮ್ಯಾನೇಜರು ಸಿಟ್ಟಿನಲ್ಲಿ ಮೇಲಿನದನ್ನು ಹರಿದುಹಾಕಿದರೂ ಉಳಿದೆರಡು ಇರುತ್ತವೆ. ನನ್ನ ಮನಸ್ಸು ಬದಲಾದರೂ ಇರುತ್ತವೆ. ಆ ಎರಡನೆಯ ಕಾರಣಕ್ಕಾಗಿಯೇ ಮೂರು ಹಾಳೆ ಹಾಕಿದ್ದು ಎಂದರೂ ಸರಿ. ಟೈಪ್ ಮಾಡಿದ್ದು ನಾಲ್ಕು ವಾಕ್ಯ. ಪರಿಣತರು ಉತ್ತರ ಕೊಟ್ಟದ್ದು ನನಗೆ. ಅದರ ಅರ್ಥ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಹೇಳದೆ, ಒಪ್ಪಿಗೆ ಸಿಕ್ಕಿದೆ ಎಂದು ಮೇಸ್ತ್ರಿಯವರಿಗೆ ಹೇಳಿದೆ. ಅವರು ನನ್ನ ಮಾತಿನ ಮೇಲೆ ಯಂತ್ರ ನಡೆಸಿದರು. ಕೆಳಗೆ ನನ್ನ ಪೂರ್ತಿ ಹೆಸರು. ಕಡತದ ಪ್ರತಿಯನ್ನು ಮೊದಲೇ ಕಡತಕ್ಕೆ ಸೇರಿಸಿ, ಆಡಳಿತದವರದನ್ನು ಅವರ ಟ್ರೇಗೆ ಹಾಕಿ, ಮೇಲಿನದನ್ನು ಹಿಡಿದುಕೊಂಡು ಒಳಗೆ ಹೋದೆ.

ಸಾಹೇಬರು ಅಲ್ಲೇ ಕೂತಿದ್ದರು. ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಲು ಬಗ್ಗಿದರು. ಓದಿದರು. ಪೆನ್ನು ಕೆಳಗಿಟ್ಟರು.

"ಏನ್ರೀ ಇದು?"

"ನಡೆದದ್ದು ಸಾರ್."

"ಇಂಗ್ಲಿಷ್ ಬರತ್ತೆ ಅಂತ ತಾನೇ ನಿಮ್ಮನ್ನ ತಗೊಂಡಿದ್ದು?"

"ಬರತ್ತೆ ಸಾರ್. ಇವರು ಆಡೋದು ಅರ್ಧ ಬರಲ್ಲ. ಇಷ್ಟು ದಿನ ಮುಖ ನೋಡ್ಕೊಂಡು ಹೇಳ್ತಾ ಇದ್ದೆ."

ಮ್ಯಾನೇಜರ ಮುಖ ಕಪ್ಪಿಟ್ಟಿತು. ಕಾಗದವನ್ನು ಸಾಹೇಬರ ಕಡೆ ತಳ್ಳಿದರು. ಅವರು ಎರಡು ಸಲ ಓದಿದರು. ಎಣ್ಣೆ ತುಂಬಿಲ್ಲ ಎಂದು ಸ್ವಿಚ್ಚಿನ ಮೇಲೆ ಒಂದು ಚೀಟಿಯನ್ನಾದರೂ ಯಾಕೆ ಕಟ್ಟಿರಲಿಲ್ಲ ಎಂದು ಮ್ಯಾನೇಜರು ಈಗ ಅವರನ್ನೇ ಕೇಳಿದರು. ಸಾಹೇಬರು ತಲೆ ಕೆರೆದುಕೊಂಡು, "ಬೀಟ್ಸ್ ಮಿ," ಎಂದರು.

ಮ್ಯಾನೇಜರು ತಲೆಯಾಡಿಸಿದರು. ಅವರಿಗೂ ಅರ್ಥವಾಗಿರಲಿಲ್ಲ ಎಂದು ಆ ತಲೆಯಾಡಿಸಿದ ರೀತಿಯಲ್ಲೇ ಗೊತ್ತಾಯಿತು. ಅದು ನನ್ನದೇ ತಲೆಯಾಟ. ನಾನು ಸಾಹೇಬರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನೀವು ಈಗ ಹೇಳಿದ್ದು ನನಗೆ ಅರ್ಥವಾಗಲಿಲ್ಲ, ದಯವಿಟ್ಟು ಬಿಡಿಸಿ ಹೇಳಿ ಎಂದೆ. ಅವರು ಬೆಚ್ಚಿದಂತೆ ನನ್ನನ್ನು ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. ಯಾಕೆಂದು ತನಗೂ ತಿಳಿಯದು ಎಂದು ಒಪ್ಪಿಕೊಳ್ಳುವಾಗ ಅವರ ಊರಿನಲ್ಲಿ ಹಾಗೆ ಅನ್ನುತ್ತಾರಂತೆ. ಚೀಟಿ ಕಟ್ಟಬೇಕಾಗಿತ್ತು, ಅದು ತನ್ನ ತಪ್ಪು ಎಂದೂ ಸೇರಿಸಿದರು. ಸಮುದ್ರ ದಾಟಿ ಬಂದ ಎಂಜಿನಿಯರು ಮ್ಯಾನೇಜರ ಮೇಜಿನ ಮುಂದೆ ಕೂತು ನನಗೆ ತಿಳಿಯದು ಎಂದರು. ಅವರ ಎತ್ತರ ಒಂದಂಗುಲವೂ ಕಡಿಮೆಯಾಗಲಿಲ್ಲ. ನನಗೆ ಅಳು ಬಂತು. ತಡೆದುಕೊಂಡೆ.

ಮೇಸ್ತ್ರಿಯ ಮೇಲಿನ ಮೆಮೊ ರದ್ದಾಯಿತು. ಹೊಸ ಬೇರಿಂಗು ಹಡಗಿನಲ್ಲಿ ಬರುವವರೆಗೆ ಮೆಷಿನ್ನು ಗೋಣಿ ಹೊದ್ದುಕೊಂಡು ನಿಂತಿತು. ನನ್ನನ್ನು ಕಾಯಂ ಮಾಡುವ ವಿಚಾರ ಒಂದು ವರ್ಷ ಮುಂದಕ್ಕೆ ಹೋಯಿತು. ಹಾಗೆಂದು ತಿಳಿಸುವ ಕಾಗದವನ್ನು ನಾನೇ ಟೈಪ್ ಮಾಡಬೇಕಾಯಿತು, ಬೇರೆ ಟೈಪಿಸ್ಟ್ ಇರಲಿಲ್ಲ. ಒಂದು ತಪ್ಪೂ ಬೀಳದಂತೆ ಮಾಡಿದೆ. ಭಾನುವಾರವೇ ಅಪ್ಪನಿಗೆ ಎಲ್ಲವನ್ನೂ ಹೇಳಿದ್ದೆ. ಅವರು, "ನಾಳೆ ಹೋಗ್ತೀಯಾ ತಾನೇ ಕೆಲ್ಸಕ್ಕೆ?" ಎಂದರು. ಹೋಗುತ್ತೇನೆ ಎಂದೆ.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಕಚ್ಚಿಕೊಂಡ ಬೇರಿಂಗನ್ನು ಬಿಚ್ಚುತ್ತಿದ್ದರು. ಹತ್ತಿರ ಹೋಗಿ ನಿಂತೆ. ಅವರು ತಲೆ ಎತ್ತಲಿಲ್ಲ. ಅವರಿಗೆ ನನ್ನ ಮೇಲೆ ಕೋಪ ಬಂದಿದ್ದರೆ ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

"ಶನಿವಾರ ನನ್ನ ಹೆಸರು ಯಾಕೆ ಹೇಳ್ಲಿಲ್ಲ ಮೇಸ್ತ್ರಿಗಳೇ? ನಾನೇ ಅಲ್ವಾ ನಿಮಗೆ ಆಯ್ತು ಅಂದಿದ್ದು?"

"ಹೇಳಿ ಏನ್ ಮಾಡ್ಬೇಕಿತ್ತು? ನಿನ್ನನ್ನ ಕಳಿಸ್ತಿದ್ರು. ನನಗೆ ಇನ್ನೊಂದ್ ಕಡೆ ಸ್ಪ್ಯಾನರ್ ಸಿಗತ್ತೆ. ನಿನಗೆ ಇನ್ನೊಂದ್ ಫ್ಯಾಕ್ಟ್ರಿ ಸಿಗತ್ತಾ?"

"ನೀವು ನನ್ನ ಮಾತು ನಂಬಿ ಹಾಕಿದ್ರಿ. ನಾನು ಸುಳ್ಳು ಹೇಳ್ದೆ."

ಮೇಸ್ತ್ರಿ ಕೈಯಲ್ಲಿದ್ದ ಬೇರಿಂಗನ್ನು ಗೋಣಿಯ ಮೇಲಿಟ್ಟರು. ಆಗ ನನ್ನ ಮುಖ ನೋಡಿದರು.

"ನಂಬ್ಲಿಲ್ಲ ಕಣಮ್ಮಣ್ಣಿ. ನಿನಗೆ ಗೊತ್ತಾಗಿಲ್ಲ ಅಂತ ಆವತ್ತೇ ನಿನ್ನ ಮುಖದಲ್ಲಿ ಕಾಣ್ತು. ಅಷ್ಟು ಜನರ ಮುಂದೆ ಇನ್ನೊಂದ್ಸಲ ಕೇಳಿದ್ರೆ ನಿನಗೆ ಅವಮಾನ ಆಗತ್ತಲ್ಲ ಅಂತ ಸ್ವಿಚ್ ಹಾಕ್ದೆ. ಒಂದ್ ಸುತ್ತು ತಿರುಗಿದ್ರೆ ಏನಾಗತ್ತೆ ಅಂದ್ಕೊಂಡೆ."

ನನ್ನ ಜಂಬವನ್ನು ನಾನೊಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದೇನೆ ಅಂದುಕೊಂಡಿದ್ದೆ. ಈ ಮುದುಕರೂ ಅದಕ್ಕೆ ಹೆಗಲು ಕೊಟ್ಟಿದ್ದರು. ಅದನ್ನು ಉಳಿಸಲು ತಮ್ಮ ಮೂವತ್ತು ವರ್ಷದ ಕೆಲಸವನ್ನೇ ಪಣಕ್ಕಿಟ್ಟಿದ್ದರು. ನಾನು ಅವರ ಎದುರಿಗೆ ನೆಲದ ಮೇಲೆ ಕೂತುಕೊಂಡೆ.

"ಇನ್ಮೇಲೆ ಕೇಳಿ," ಎಂದೆ. "ಎಷ್ಟು ಜನ ಇದ್ರೂ ಕೇಳಿ. ನನಗೆ ಅವಮಾನ ಆಗ್ಲಿ."